ಈಮೇಲ್ ವಿಳಾಸದಲ್ಲಿ ಸ್ವಂತ ಹೆಸರು ಇರಬೇಕಾ? ಹಾಸನ, ಚಿಕ್ಕಮಗಳೂರಿನವರು ಹೇಗೆ ಮಾಡಿಕೊಂಡಿದ್ದೀರಿ?

ಮೂಡಿಗೆರೆ ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ, ಜೊತೆಗೆ ಹೋಂಸ್ಟೇ. ಮಗಳು ಈ ವರ್ಷ ಹಾಸನದಲ್ಲಿ ಎಂಜಿನಿಯರಿಂಗ್ ಸೇರ್ತಿದ್ದಾಳೆ. ಅವಳಿಗೊಂದು, ಹೋಂಸ್ಟೇಗೊಂದು ಹೊಸ ಈಮೇಲ್ ಮಾಡಬೇಕು. ಇಷ್ಟು ದಿನ ಮನೆಮಂದಿಗೆಲ್ಲ ಸೇರಿ ಒಂದೇ ಇತ್ತು.

ನಮ್ಮ ಯಜಮಾನರು ಹೇಳೋದು, ಹೆಸರು ಇನಿಷಿಯಲ್ ಎಲ್ಲಾ ಪೂರ್ತಿ ಇರಲಿ, ನೋಡಿದವರಿಗೆ ಯಾರ ಮನೆ ಮಗಳು ಅಂತ ಗೊತ್ತಾಗಲಿ ಅಂತ. ಮಗಳಿಗೆ ಅದೇ ಬೇಡ. ಯಾವುದೋ ಆ್ಯಪ್‌ಗೆ, ಬಟ್ಟೆ ಅಂಗಡಿ ಬಿಲ್ಲಿಗೆ ಈಮೇಲ್ ಕೊಟ್ಟರೆ ನನ್ನ ಹೆಸರು, ಊರು ಎಲ್ಲಾ ಅವರ ಕೈಗೆ ಹೋಗುತ್ತೆ ಅಂತಾಳೆ. ನನಗೆ ಇಬ್ಬರ ಮಾತೂ ಸರಿ ಅನ್ನಿಸುತ್ತೆ. ಹುಷಾರಾಗಿರಿ ಅಂತ ಎಲ್ಲರೂ ಹೇಳ್ತಾರೆ, ಅದು ಬೇಡ. ನೀವು ನಿಜವಾಗಿ ಏನು ಮಾಡಿಕೊಂಡಿದ್ದೀರಿ ಅಂತ ಹೇಳಿ.

ಅರಸೀಕೆರೆ ಮೇಷ್ಟ್ರು

ಮೇಡಂ, ನಿಮ್ಮ ಯಜಮಾನರ ಪಕ್ಷ ನನ್ನದು. ಪತ್ರ ಬರೆಯುವವರು ಹೆಸರು ಹಾಕಿ ಬರೆಯಬೇಕು. ನನ್ನ ಹಳೆಯ ವಿದ್ಯಾರ್ಥಿಗಳು ಕೆಲಸದ ಅರ್ಜಿ ತೋರಿಸಲು ಬರುತ್ತಾರೆ. ಈಮೇಲ್ ನೋಡಿದರೆ ಯಾವುದೋ ಸಿನಿಮಾ ನಾಯಕನ ಬಿರುದು, ಹಿಂದೆ ನಾಲ್ಕೈದು ಅಂಕಿ. ಅರ್ಜಿ ತೆಗೆದುಕೊಳ್ಳುವವರಿಗೆ ಅದು ಒಳ್ಳೆಯ ಅಭಿಪ್ರಾಯ ಕೊಡುವುದಿಲ್ಲ. ಅಷ್ಟೇ ಅಲ್ಲ, ಆರು ತಿಂಗಳ ನಂತರ ಹುಡುಕಿದರೆ ಆ ಹುಡುಗನ ಮೇಲ್ ಯಾವುದೆಂದು ಅವರಿಗೂ ತಿಳಿಯುವುದಿಲ್ಲ.

ಖಾಸಗಿತನ ಬೇಡ ಎನ್ನುತ್ತಿಲ್ಲ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಅದಕ್ಕೆ ಕಾರಣವಾದ ಅರ್ಜಿಯನ್ನು 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ 86 ವರ್ಷ. ಖಾಸಗಿತನ ಕೇಳಲು ಹೋದವರು ತಮ್ಮ ಹೆಸರನ್ನು ಬಚ್ಚಿಡಲಿಲ್ಲ, ಇವತ್ತಿಗೂ ಆ ತೀರ್ಪು ಅವರ ಹೆಸರಿನಲ್ಲೇ ಇದೆ. ಮಗಳಿಗೆ ಇದನ್ನು ಹೇಳಿ.

ಹಾಸನ ನೆಟ್‌ವರ್ಕ್ ಕೆಲಸದವ

ಮೇಷ್ಟ್ರೇ, ಹೆಸರಿನ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ನನ್ನ ಆತಂಕ ಹೆಸರಿನ ಹಿಂದೆ ಬರೋ ಆ ನಾಲ್ಕು ಅಂಕಿಯ ಬಗ್ಗೆ. ಬೇಕಾದ ಹೆಸರು ಬೇರೆ ಯಾರೋ ಆಗಲೇ ತಗೊಂಡಿರ್ತಾರೆ. ಆಗ ನಮ್ಮವರು ಮಾಡೋದು ಏನು? ಹುಟ್ಟಿದ ವರ್ಷ ಸೇರಿಸೋದು.

ಇ-ಆಧಾರ್ ಪಿಡಿಎಫ್ ತೆರೆಯೋಕೆ ಪಾಸ್‌ವರ್ಡ್ ಯಾವುದು ನೆನಪು ಮಾಡಿಕೊಳ್ಳಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಆಮೇಲೆ ಹುಟ್ಟಿದ ವರ್ಷ. ಸುರೇಶ್ ಕುಮಾರ್, 1990 ಅಂದರೆ ಎಸ್‌ಯುಆರ್‌ಇ1990. ಈಗ ಅದೇ ಸುರೇಶನ ಈಮೇಲ್ ಸುರೇಶ್1990 ಅಂತಿದ್ದರೆ? ಪಾಸ್‌ವರ್ಡ್ ವಿಳಾಸದಲ್ಲೇ ಇದೆ.

ಆ ಪಿಡಿಎಫ್ ಬೇರೆಯವರ ಕೈಗೆ ಹೇಗೆ ಸಿಗುತ್ತೆ ಅಂತ ಕೇಳಬಹುದು. ನಾವೇ ಕೊಡ್ತೀವಿ. ಪ್ರಿಂಟ್ ತೆಗೆಸೋಕೆ ಹೋದಾಗ ಜೆರಾಕ್ಸ್ ಅಂಗಡಿ ಗೋಡೆ ಮೇಲೆ ಅವರ ಈಮೇಲ್ ಅಂಟಿಸಿರ್ತಾರೆ, ಅದಕ್ಕೆ ಕಳಿಸ್ತೀವಿ. ಬೀಗ ಹಾಕಿದ ಪಿಡಿಎಫ್ ಜೊತೆಗೆ, ಕಳಿಸಿದವರ ವಿಳಾಸ ಅಂತ ಅದರ ಕೀನೂ ಅದೇ ಮೇಲ್‌ನಲ್ಲಿ ಹೋಗುತ್ತೆ. ತೆರೆದರೆ ಒಳಗೆ ಆಧಾರ್ ನಂಬರ್, ಮನೆ ವಿಳಾಸ, ಪೂರ್ತಿ ಜನ್ಮದಿನಾಂಕ. ಎಷ್ಟೋ ಬ್ಯಾಂಕ್‌ಗಳ ಸ್ಟೇಟ್‌ಮೆಂಟ್ ಪಿಡಿಎಫ್‌ಗೂ ಇದೇ ತರ, ಹೆಸರಿನ ನಾಲ್ಕಕ್ಷರ, ಹುಟ್ಟಿದ ದಿನ ಮತ್ತು ತಿಂಗಳು. ಅದಕ್ಕೇ ಹೇಳೋದು, ಮೇಡಂ. ಮಗಳ ಹೆಸರು ಇರಲಿ, ವರ್ಷ ಮಾತ್ರ ಬೇಡವೇ ಬೇಡ. ಪ್ರಿಂಟ್‌ಗೆ ಕೊಡೋದಾದರೆ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ, ಅದರಲ್ಲಿ ಕೊನೆ ನಾಲ್ಕು ಅಂಕಿ ಬಿಟ್ಟು ಉಳಿದ ನಂಬರ್ ಕಾಣಲ್ಲ.

ಇನ್ನು ಇನಿಷಿಯಲ್. ನಮ್ಮ ಕಡೆ ಮೊದಲ ಅಕ್ಷರ ಊರಿಂದು, ಎರಡನೇದು ಅಪ್ಪಂದು. ಅದನ್ನ ಬಿಡಿಸಿ ಪೂರ್ತಿ ಬರೆದು ಈಮೇಲ್ ಮಾಡಿಕೊಂಡವರಿದ್ದಾರೆ. ಈಗಲೂ ಕೆಲವು ವೆಬ್‌ಸೈಟುಗಳು ಪಾಸ್‌ವರ್ಡ್ ಮರೆತರೆ ಕೇಳೋ ಪ್ರಶ್ನೆ ಹುಟ್ಟಿದ ಊರು ಯಾವುದು, ತಂದೆಯ ಹೆಸರೇನು ಅಂತ. ಉತ್ತರ ವಿಳಾಸದಲ್ಲೇ ಸಿಕ್ಕಿಬಿಡುತ್ತೆ. ಅಂಥ ಪ್ರಶ್ನೆಗೆ ನಿಜ ಉತ್ತರ ಕೊಡಲೇಬೇಕು ಅಂತೇನಿಲ್ಲ. ಸಂಬಂಧವೇ ಇಲ್ಲದ ಏನಾದರೂ ಬರೆದು, ಅದನ್ನ ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಬೇಲೂರು ಸೈಬರ್

ಅಣ್ಣಾ, ಜೆರಾಕ್ಸ್ ಅಂಗಡಿ ಅಂದ್ರಲ್ಲ, ನಮ್ಮದು ಅದೇ ಕಸುಬು. ನಮ್ಮಲ್ಲಿ ಪ್ರಿಂಟ್ ಆದಮೇಲೆ ಮೇಲ್ ಡಿಲೀಟ್, ಸಂಜೆ ಡೌನ್‌ಲೋಡ್ ಫೋಲ್ಡರ್ ಖಾಲಿ. ಎಲ್ಲಾ ಕಡೆ ಹಂಗಿರಲ್ಲ, ಅದು ನಿಜ. ನಿಂತು ಡಿಲೀಟ್ ಮಾಡಿಸ್ಕೊಂಡೇ ಹೋಗಿ, ಯಾರೂ ಬೇಜಾರು ಮಾಡ್ಕೊಳಲ್ಲ.

ನಾನು ನೋಡೋದು ಬೇರೆ ತೊಂದರೆ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್, ಸಿಇಟಿ ಅರ್ಜಿ ಶುರುವಾದಾಗ ಹಳ್ಳಿಯಿಂದ ಮಕ್ಕಳು ಬರ್ತವೆ. ಈಮೇಲ್ ಇರಲ್ಲ. ಎಷ್ಟೋ ಕಡೆ ಅಂಗಡಿಯವರೇ ಹೆಸರು ಪ್ಲಸ್ ಮೊಬೈಲ್ ನಂಬರ್ ಹಾಕಿ ಒಂದು ಮಾಡಿಬಿಡ್ತಾರೆ, ಯಾಕಂದ್ರೆ ಅದು ಖಾಲಿ ಇದ್ದೇ ಇರುತ್ತೆ, ಬೇಗ ಆಗುತ್ತೆ. ಪಾಸ್‌ವರ್ಡ್ ಅಂಗಡಿಯವನ ಡೈರಿಯಲ್ಲಿ. ಮಗೂಗೆ ಅದು ಗೊತ್ತೂ ಇರಲ್ಲ.

ನಂಬರ್ ಹಾಕಿದ್ರೆ ಏನಾಗುತ್ತೆ ಅಂದ್ರೆ, ಈಮೇಲ್ ಕೊಟ್ಟ ಕಡೆಯೆಲ್ಲ ಮೊಬೈಲ್ ನಂಬರೂ ಕೊಟ್ಟಂಗೆ. ಇನ್ನೊಂದು, ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ಬಂದ್ ಆಗಿ 90 ದಿನ ಕಳೆದ ಮೇಲೆ ಆ ನಂಬರ್ ಬೇರೆಯವರಿಗೆ ಹೋಗಬಹುದು. ಹೊಸಬನಿಗೆ ನಿಮ್ಮ ಹಳೇ ಈಮೇಲ್ ಊಹೆ ಮಾಡೋದು ಕಷ್ಟ ಅಲ್ಲ, ಪಾಸ್‌ವರ್ಡ್ ಮರೆತೆ ಅಂತ ಒತ್ತಿದ್ರೆ ಒಟಿಪಿ ಹೋಗೋದೂ ಅವನ ಫೋನಿಗೇ. ಕಾಲೇಜು ಹುಡುಗರು ಆಫರ್ ನೋಡಿ ಸಿಮ್ ಬದಲಾಯಿಸ್ತಾನೇ ಇರ್ತಾರೆ, ರಿಕವರಿ ನಂಬರ್ ಬದಲಾಯಿಸಲ್ಲ.

ನಾನು ಮಾಡೋದು ಇಷ್ಟೇ. ಕೀಬೋರ್ಡ್ ಮಗೂ ಕೈಗೆ ಕೊಡ್ತೀನಿ, ಪಾಸ್‌ವರ್ಡ್ ಅದೇ ಒತ್ತಲಿ. ರಿಕವರಿ ನಂಬರ್ ಅಮ್ಮಂದೋ ಅಪ್ಪಂದೋ, ಯಾವುದು ವರ್ಷಗಟ್ಟಲೆ ಬದಲಾಗಿಲ್ಲವೋ ಅದು. ನನ್ನ ನಂಬರ್ ಯಾವತ್ತೂ ಹಾಕಲ್ಲ.

ತರೀಕೆರೆ ಮಾಹಿತಿ ಹಕ್ಕು

ಮೇಷ್ಟ್ರು ಹೇಳಿದ್ದಕ್ಕೆ ಗೌರವ ಇಟ್ಟೇ ಒಂದು ಮಾತು ಹೇಳುತ್ತೇನೆ. ಪುಟ್ಟಸ್ವಾಮಿಯವರು ಕೋರ್ಟಿಗೆ ಹೆಸರು ಕೊಟ್ಟರು, ಸರಿ. ಅದು ಅವರೇ ಆರಿಸಿಕೊಂಡ ಜಾಗ. ಈಮೇಲ್‌ನಲ್ಲಿ ಹೆಸರಿದ್ದರೆ ನಾವು ಆರಿಸದ ಜಾಗಕ್ಕೂ ಅದು ಹೋಗುತ್ತದೆ.

ನಮ್ಮ ರಾಜ್ಯದಲ್ಲಿ ಹೆಸರು ಮತ್ತು ಊರು ಒಟ್ಟಿಗೆ ಸಿಕ್ಕರೆ ಎಷ್ಟು ತಿಳಿಯಬಹುದು ಯೋಚಿಸಿ. ಭೂಮಿ ತಂತ್ರಾಂಶದಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಹಾಕಿದರೆ ಪಹಣಿ. ಅದರಲ್ಲಿ ಯಜಮಾನರ ಹೆಸರು, ತಂದೆ ಹೆಸರು, ಎಕರೆ ಗುಂಟೆ, ಋಣದ ಕಾಲಂನಲ್ಲಿ ಯಾವ ಬ್ಯಾಂಕಿನ ಸಾಲ ಎನ್ನುವುದೂ ಇರುತ್ತದೆ. ಮತದಾರರ ಪಟ್ಟಿಯಲ್ಲಿ ವಯಸ್ಸು, ಮನೆ ನಂಬರ್, ಗಂಡನ ಅಥವಾ ತಂದೆಯ ಹೆಸರು. ಇವೆಲ್ಲ ಒಳ್ಳೆಯ ಉದ್ದೇಶಕ್ಕೆ ಸಾರ್ವಜನಿಕವಾಗಿವೆ, ಇರಲೂಬೇಕು. ಆದರೆ ಬೆಂಗಳೂರಿನ ಲಕ್ಷ ಜನರ ನಡುವೆ ಒಂದು ಹೆಸರು ಕಳೆದುಹೋಗುತ್ತದೆ. ಇನ್ನೂರು ಮನೆಯ ಊರಿನಲ್ಲಿ ಆ ಹೆಸರಿನವರು ಒಬ್ಬರೇ. ತೋಟದ ಹೆಸರು, ಊರ ಹೆಸರು, ಸ್ವಂತ ಹೆಸರು ಮೂರನ್ನೂ ಒಂದೇ ವಿಳಾಸದಲ್ಲಿ ಪೋಣಿಸಿದರೆ, ಸಾಲ ಕೊಡುತ್ತೇನೆಂದು ಫೋನ್ ಮಾಡುವ ಮೋಸಗಾರನಿಗೆ ನಿಮ್ಮ ಹಳೆಯ ಸಾಲದ ವಿವರ ಹೇಳಿ ನಂಬಿಸುವುದು ಸುಲಭ. ಅವನು ಅಷ್ಟು ನಿಖರವಾಗಿ ಹೇಳಿದಾಗ ಜನ ಬ್ಯಾಂಕಿನವನೇ ಎಂದುಕೊಳ್ಳುತ್ತಾರೆ.

ನಾನು ಮಾಹಿತಿ ಹಕ್ಕಿನ ಅರ್ಜಿ ಹಾಕುವವನು. 2005ರ ಕಾಯ್ದೆಯ ಸೆಕ್ಷನ್ 6(2) ಪ್ರಕಾರ, ಸಂಪರ್ಕಿಸಲು ಬೇಕಾದಷ್ಟು ಬಿಟ್ಟು ಬೇರೆ ವೈಯಕ್ತಿಕ ವಿವರ ಅರ್ಜಿದಾರ ಕೊಡಬೇಕಾಗಿಲ್ಲ. ಅರ್ಜಿಯಲ್ಲಿ ನನ್ನ ಹೆಸರು ಇರುತ್ತದೆ, ಹೆದರಿಕೆಯಿಲ್ಲ. ಅದಕ್ಕೆಂದು ಇಟ್ಟ ಈಮೇಲ್ ಮಾತ್ರ ಬೇರೆ, ಅದರಲ್ಲಿ ಹೆಸರಿಲ್ಲ, ಬ್ಯಾಂಕಿಗೆ ಕೊಟ್ಟಿಲ್ಲ, ಮಕ್ಕಳ ಶಾಲೆಗೂ ಕೊಟ್ಟಿಲ್ಲ. ಯಾವುದೋ ಕಚೇರಿಯಿಂದ ಅದು ಸೋರಿದರೂ ನನ್ನ ಮನೆತನಕ ಬರುವುದಿಲ್ಲ.

ಕೊಪ್ಪದವಳು, ಈಗ ಬೆಂಗಳೂರು

ಮೂಡಿಗೆರೆ ಅಕ್ಕಾ, ನಿಮ್ಮ ಮಗಳ ಮಾತಿಗೆ ದಯವಿಟ್ಟು ಬೆಲೆ ಕೊಡಿ. ಹುಡುಗಿಯರಿಗೆ ಇದು ಬೇರೆಯೇ ಲೆಕ್ಕ.

ಒಂದು ಪಿಜಿಗೆ ಮ್ಯಾಪ್ಸ್‌ನಲ್ಲಿ ವಿಮರ್ಶೆ ಬರೆದಿದ್ದೆ, ಊಟ ಸರಿಯಿಲ್ಲ, ಅಡ್ವಾನ್ಸ್ ವಾಪಸ್ ಕೊಡಲ್ಲ ಅಂತ. ಗೂಗಲ್ ಖಾತೆಯಲ್ಲಿ ಪೂರ್ತಿ ಹೆಸರಿತ್ತು, ಅದೇ ಅಲ್ಲಿ ಬಿತ್ತು. ಈಮೇಲ್ ಕೂಡ ಅದೇ ಹೆಸರು, ನಡುವೆ ಒಂದು ಚುಕ್ಕಿ. ಮಾಲೀಕರ ಕಡೆಯವನೊಬ್ಬ ಹೆಸರು ನೋಡಿ ಈಮೇಲ್ ಊಹಿಸಿ ಬರೆಯೋಕೆ ಶುರು ಮಾಡಿದ. ಮೊದಲು ವಿಮರ್ಶೆ ತೆಗಿ ಅಂತ, ಆಮೇಲೆ ಯಾವ ಆಫೀಸು ಗೊತ್ತು ಅಂತ, ಕೊನೆಗೆ ನಮ್ಮೂರ ಹೆಸರು ಹಾಕಿ. ಅಲ್ಲಿಗೆ ನಾನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. ನಿಂತಿತು. ಆ ದಿನಗಳಲ್ಲಿ ರಾತ್ರಿ ಮೇಲ್ ಬಂದ ಸದ್ದಾದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ನಮ್ಮ ಹೆಸರಿನ ಕೊನೆ ಭಾಗದಲ್ಲಿ ಜಾತಿ ಇರುತ್ತೆ. ಮನೆ ಬಾಡಿಗೆಗೆ ಮೇಲ್ ಹಾಕಿದಾಗ ಕೆಲವರು ಉತ್ತರ ಕೊಡೋ ಮೊದಲೇ ಅದನ್ನ ಓದಿರ್ತಾರೆ. ನಾನು ಈಗ ವಿಳಾಸದಲ್ಲಿ ಬರೀ ಹೆಸರು, ಇನಿಷಿಯಲ್‌ನ ಒಂದಕ್ಷರ ಇಟ್ಟಿದ್ದೀನಿ. ಉಳಿದದ್ದು ನೋಡಬೇಕಾದವರು ಮುಖಾಮುಖಿ ಕೇಳಲಿ.

ಅರಸೀಕೆರೆ ಮೇಷ್ಟ್ರು

ಕೊಪ್ಪದ ತಾಯಿ, ನೀವು ಬರೆದದ್ದು ಓದಿ ಸಂಕಟವಾಯಿತು. ಹುಡುಗಿಯರ ಮಾತು ಬೇರೆ ಎನ್ನುವುದನ್ನು ಒಪ್ಪುತ್ತೇನೆ. ಹೆಸರು ಇರಲಿ ಎನ್ನುವ ಮಾತು ಬಿಡುವುದಿಲ್ಲ, ಆದರೆ ಎಲ್ಲ ಕಡೆಗೂ ಅದೇ ವಿಳಾಸ ಕೊಡಬೇಕು ಎಂದು ನಾನು ಹೇಳುತ್ತಿಲ್ಲ. ಹಾಸನದವರೇ, ಒಬ್ಬರಿಗೆ ಹಲವು ವಿಳಾಸ ಇಟ್ಟುಕೊಂಡರೆ ನನ್ನ ವಯಸ್ಸಿನವರು ನಿಭಾಯಿಸುವುದು ಹೇಗೆ? ಇರುವ ಒಂದು ಪಾಸ್‌ವರ್ಡೇ ನೆನಪಿರುವುದಿಲ್ಲ.

ಹಾಸನ ನೆಟ್‌ವರ್ಕ್ ಕೆಲಸದವ

ಮೇಷ್ಟ್ರೇ, ಒಂದೇ ಪೆಟ್ಟಿಗೆ, ಹಲವು ವಿಳಾಸ. ಹಾಗೆ ಮಾಡಬಹುದು.

ಮೊದಲು ಒಂದು ತಿಳ್ಕೊಳ್ಳಿ. ವಿಳಾಸ ಬೇರೆ, ಮೇಲ್ ಹೋದಾಗ ಎದುರಿನವರಿಗೆ ದೊಡ್ಡದಾಗಿ ಕಾಣೋ ಹೆಸರು ಬೇರೆ. ವಿಳಾಸದಲ್ಲಿ ಹೆಸರಿಲ್ಲದಿದ್ದರೂ ಕಾಣೋ ಹೆಸರನ್ನ ಪೂರ್ತಿ ಇಡಬಹುದು. ಆಗ ಪತ್ರಕ್ಕೆ ನಿಮ್ಮ ಹೆಸರೂ ಇರುತ್ತೆ, ಫಾರ್ಮ್‌ನಲ್ಲಿ ಬರೀ ವಿಳಾಸ ಬರೆದುಕೊಟ್ಟಾಗ ಹೆಸರು ಹೋಗೋದೂ ಇಲ್ಲ. ಜಿಮೇಲ್‌ನಲ್ಲಿ ಕಂಪ್ಯೂಟರ್‌ನಲ್ಲಿ ತೆರೆದು ಸೆಟ್ಟಿಂಗ್ಸ್, ಅಕೌಂಟ್ಸ್, ಸೆಂಡ್ ಮೇಲ್ ಆ್ಯಸ್ ಅನ್ನೋ ಕಡೆ ಎಡಿಟ್ ಒತ್ತಿದರೆ ಸಿಗುತ್ತೆ. ಕೊಪ್ಪದವರು ಹೇಳಿದ ವಿಮರ್ಶೆ, ಡಾಕ್ಸ್ ಹಂಚಿಕೊಂಡಾಗ ಕಾಣೋ ಹೆಸರು, ಇವು ಗೂಗಲ್ ಖಾತೆಯ ಪ್ರೊಫೈಲ್‌ಗೆ ಸೇರಿದ್ದು. ಅದನ್ನೂ ಬೇರೆಯಾಗಿ ನೋಡಿಕೊಳ್ಳಬೇಕು. ಇಲ್ಲಿ ಬದಲಾಯಿಸಿ ಅಲ್ಲಿ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಆಮೇಲೆ ಪ್ಲಸ್. ಜಿಮೇಲ್ ವಿಳಾಸದಲ್ಲಿ ನಿಮ್ಮ ಹೆಸರಾದ ಮೇಲೆ ಪ್ಲಸ್ ಗುರುತು ಹಾಕಿ ಏನು ಬೇಕಾದರೂ ಬರೆಯಿರಿ, ಮೇಲ್ ನಿಮಗೇ ಬರುತ್ತೆ. ಬಟ್ಟೆ ಅಂಗಡಿಗೆ ಪ್ಲಸ್ ಬಟ್ಟೆ ಅಂತ ಕೊಟ್ಟರೆ, ನಾಳೆ ಆ ವಿಳಾಸಕ್ಕೆ ಲಾಟರಿ ಮೇಲ್ ಬಂದಾಗ ಸೋರಿದ್ದು ಎಲ್ಲಿಂದ ಅಂತ ತಿಳಿಯುತ್ತೆ. ಆದರೆ ಇದು ಹೆಸರನ್ನ ಮುಚ್ಚಲ್ಲ. ಪ್ಲಸ್‌ನಿಂದ ಮುಂದಿನದನ್ನ ಅಳಿಸಿದರೆ ನಿಜವಾದ ವಿಳಾಸ ಸಿಕ್ಕಿಬಿಡುತ್ತೆ, ಸ್ಪ್ಯಾಮ್ ಕಳಿಸೋರಿಗೂ ಅದು ಗೊತ್ತು. ಕೆಲವು ಫಾರ್ಮ್‌ಗಳು ಪ್ಲಸ್ ಇದ್ದರೆ ತಗೊಳ್ಳೋದೂ ಇಲ್ಲ.

ನಿಜವಾಗಿ ಮುಚ್ಚೋದು ಬದಲಿ ವಿಳಾಸದ ಸೇವೆಗಳು. ಫೈರ್‌ಫಾಕ್ಸ್ ರಿಲೇ, ಡಕ್‌ಡಕ್‌ಗೋ, ಸಿಂಪಲ್‌ಲಾಗಿನ್ ಇವೆ. ಐಫೋನ್ ಇದ್ದವರಿಗೆ ಐಕ್ಲೌಡ್ ಪ್ಲಸ್ ಜೊತೆ ಹೈಡ್ ಮೈ ಈಮೇಲ್. ಅರ್ಥವಿಲ್ಲದ ಅಕ್ಷರಗಳ ಒಂದು ವಿಳಾಸ ಹುಟ್ಟಿಸಿ ಕೊಡ್ತವೆ, ಅದಕ್ಕೆ ಬಂದದ್ದು ನಿಮ್ಮ ಪೆಟ್ಟಿಗೆಗೆ ಬಂದು ಬೀಳುತ್ತೆ. ಕಾಟ ಜಾಸ್ತಿಯಾದರೆ ಅದೊಂದನ್ನ ಬಂದ್ ಮಾಡಿದರಾಯ್ತು. ಉಚಿತವಾದವಕ್ಕೆ ಸಂಖ್ಯೆಯ ಮಿತಿ ಇರಬಹುದು. ಬ್ಯಾಂಕ್, ಆಧಾರ್, ಇನ್‌ಕಮ್ ಟ್ಯಾಕ್ಸ್‌ಗೆ ಮಾತ್ರ ಇವನ್ನ ಕೊಡಬೇಡಿ. ಆ ಸೇವೆ ನಿಂತುಹೋದರೆ ಪಾಸ್‌ವರ್ಡ್ ಬದಲಾಯಿಸೋ ಮೇಲ್ ಬರೋ ದಾರಿಯೇ ಮುಚ್ಚುತ್ತೆ.

ಗೂಗಲ್ ಪೇ ಬಳಸೋರು ಒಂದು ಗಮನಿಸಿ. ಅದರ ಯುಪಿಐ ಐಡಿಯ ಮೊದಲ ಭಾಗ ಸಾಮಾನ್ಯವಾಗಿ ನಿಮ್ಮ ಜಿಮೇಲ್‌ನದ್ದೇ ಇರುತ್ತೆ. ಐಡಿ ತೋರಿಸಿದವರಿಗೆಲ್ಲ ಈಮೇಲ್ ತಿಳಿದ ಹಾಗೆ. ಅದನ್ನ ನೋಡಿ ಬದಲಾಯಿಸ್ಕೊಳ್ಳಿ.

ಚನ್ನರಾಯಪಟ್ಟಣ ಸೀನಿಯರ್

ನನ್ನ ಅನುಭವ ಸ್ವಲ್ಪ ವಿಚಿತ್ರ. ನನ್ನದು ಬಹಳ ಸಾಮಾನ್ಯ ಹೆಸರು. ಜಿಮೇಲ್ 2004ರಲ್ಲಿ ಶುರುವಾದ ಹೊಸದರಲ್ಲೇ ಮಾಡಿಕೊಂಡಿದ್ದರಿಂದ ವರ್ಷ, ಅಂಕಿ ಏನೂ ಇಲ್ಲದ ಚೊಕ್ಕ ವಿಳಾಸ ಸಿಕ್ಕಿತು. ಈಗ ಅದೇ ಹೆಸರಿನ ಬೇರೆಯವರ ಮೇಲ್ ನನಗೆ ಬರುತ್ತದೆ. ಜಿಮೇಲ್ ನಡುವಿನ ಚುಕ್ಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರಿಗೆ ಗೊತ್ತಿಲ್ಲ, ಚುಕ್ಕಿ ಹಾಕಿದರೆ ಬೇರೆ ವಿಳಾಸ ಎಂದು ಫಾರ್ಮ್‌ನಲ್ಲಿ ಬರೆದುಕೊಟ್ಟಿರುತ್ತಾರೆ. ಒಬ್ಬರ ವಾಹನ ಸಾಲದ ಸ್ಟೇಟ್‌ಮೆಂಟ್, ಇನ್ನೊಬ್ಬರ ಲ್ಯಾಬ್ ವರದಿ. ಪಿಡಿಎಫ್‌ಗೆ ಹಾಸನದವರು ಹೇಳಿದ ಹಾಗೆ ಹೆಸರಿನ ನಾಲ್ಕಕ್ಷರದ ಪಾಸ್‌ವರ್ಡ್. ಹೆಸರು ನನ್ನದೇ ಆದ್ದರಿಂದ ಅರ್ಧ ಬೀಗ ತೆಗೆದೇ ಇರುತ್ತದೆ. ನಾನು ತೆರೆಯುವುದಿಲ್ಲ, ಕಳಿಸಿದವರಿಗೆ ಇದು ತಪ್ಪಾಗಿ ಬಂದಿದೆ ಎಂದು ಬರೆಯುತ್ತೇನೆ. ಕೆಲವು ಕಂಪನಿಗಳು ಉತ್ತರವನ್ನೇ ಕೊಡುವುದಿಲ್ಲ, ಮುಂದಿನ ತಿಂಗಳು ಮತ್ತೆ ಅದೇ.

ಆದ್ದರಿಂದ ವಿಳಾಸ ಮಾಡುವಾಗ ಹೇಳಿದರೆ ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ಹೆಸರಿನ ಜೊತೆ ನಿಮಗೆ ಸಂಬಂಧಿಸಿದ ಗುಟ್ಟು ಯಾವುದೂ ಇಲ್ಲದ ಒಂದು ಪದ ಸೇರಿಸಿ. ಮಳೆ, ಹೊಂಗೆ, ಸಂಪಿಗೆ, ಏನಾದರೂ. ವರ್ಷಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಸಕಲೇಶಪುರ ಹೋಂಸ್ಟೇ

ಹೋಂಸ್ಟೇ ಭಾಗಕ್ಕೆ ನಾನು ಹೇಳ್ತೀನಿ, ತೋಟದಮನೆಯವರೇ. ಅಲ್ಲಿ ನಮ್ಮ ಹೆಸರಿಗಿಂತ ಅತಿಥಿಗಳ ಗುಟ್ಟು ದೊಡ್ಡದು. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರ್ಮ್ ಸರ್ಕಾರಕ್ಕೆ ಹಾಕಬೇಕು (2025ರ ತನಕ ಅದಕ್ಕೆ ಫಾರ್ಮ್ ಸಿ ಅಂತ ಹೆಸರಿತ್ತು), ಅದಕ್ಕೆ ಪಾಸ್‌ಪೋರ್ಟ್, ವೀಸಾ ವಿವರ. ಎಷ್ಟೋ ಜನ ಅದರ ಫೋಟೋ ಈಮೇಲ್‌ಗೇ ಕಳಿಸಿಬಿಡ್ತಾರೆ. ಮನೆಮಂದಿಯೆಲ್ಲ ನೋಡೋ ಪೆಟ್ಟಿಗೆಯಲ್ಲಿ, ಮಕ್ಕಳ ಟ್ಯಾಬ್‌ನಲ್ಲೂ ತೆರೆದಿರೋ ಕಡೆ, ಯಾರದೋ ಪಾಸ್‌ಪೋರ್ಟ್ ವರ್ಷಗಟ್ಟಲೆ ಬಿದ್ದಿರೋದು ನ್ಯಾಯ ಅಲ್ಲ. ಫಾರ್ಮ್ ಹಾಕಿದ ಮೇಲೆ ಈಮೇಲ್‌ನಲ್ಲಿ ಬಂದ ಪ್ರತಿಯನ್ನ, ಟ್ರ್ಯಾಶ್‌ನಿಂದಲೂ ಅಳಿಸ್ತೀವಿ. ದಾಖಲೆಗೆ ಬೇಕಾದ್ದು ಬೇರೆ ಕಡೆ ಬೀಗದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತೆ. ಈಗಿನಿಂದಲೇ ರೂಢಿ ಮಾಡಿಕೊಂಡರೆ ಒಳ್ಳೇದು.

ಬುಕಿಂಗ್ ಡಾಟ್ ಕಾಮ್ ನೋಡಿ, ಅತಿಥಿಯ ನಿಜವಾದ ಈಮೇಲ್ ನಮಗೆ ಕೊಡದೆ ಬದಲಿ ವಿಳಾಸ ಕೊಡುತ್ತೆ. ಅಷ್ಟು ದೊಡ್ಡವರು ಅತಿಥಿಗೆ ಮಾಡೋದನ್ನ ನಾವು ನಮಗೆ ಮಾಡಿಕೊಂಡರೆ ತಪ್ಪೇನು.

ನಮ್ಮದು ಹೋಂಸ್ಟೇ ಹೆಸರಲ್ಲಿ ಸ್ವಂತ ಡೊಮೈನ್, ಅಂದರೆ ಈಮೇಲ್‌ನಲ್ಲಿ @ ಆದಮೇಲೆ ಜಿಮೇಲ್ ಬದಲು ನಮ್ಮದೇ ಹೆಸರು. ವಿಚಾರಣೆಗೆ ಒಂದು ವಿಳಾಸ, ಲೆಕ್ಕಪತ್ರಕ್ಕೆ ಒಂದು. ಕಾಣೋ ಹೆಸರು ಮಾತ್ರ ನನ್ನ ಹೆಸರು, ಪಕ್ಕದಲ್ಲಿ ಹೋಂಸ್ಟೇ ಹೆಸರು. ಬರೋರಿಗೆ ಮನುಷ್ಯರ ಹೆಸರು ಬೇಕು, ಅದರಲ್ಲೂ ಒಬ್ಬರೇ ಬರೋ ಹೆಣ್ಣುಮಕ್ಕಳು ಇಲ್ಲಿ ಹೆಂಗಸರು ಇದ್ದಾರಾ ಅಂತ ಹೆಸರು ನೋಡೇ ನಿರ್ಧಾರ ಮಾಡ್ತಾರೆ. ಡೊಮೈನ್ ಇಟ್ಟವರು ನವೀಕರಣದ ದಿನ ಮರೀಬೇಡಿ. ತಪ್ಪಿಹೋದರೆ ಬೇರೆ ಯಾರಾದರೂ ಅದನ್ನ ಕೊಂಡು, ನಿಮಗೆ ಬರೋ ಮೇಲ್ ಎಲ್ಲಾ ಅವರು ಓದಬಹುದು. ಆ ಡೊಮೈನ್‌ನ ಖಾತೆಗೆ ರಿಕವರಿ ಈಮೇಲ್ ಅದೇ ಡೊಮೈನ್‌ದು ಹಾಕಬೇಡಿ.

ಮೂಡಿಗೆರೆ ತೋಟದಮನೆ

ಇಷ್ಟೊಂದು ಬಿಡಿಸಿ ಹೇಳ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಕೈಮುಗಿದೆ. ಕೊಪ್ಪದ ತಂಗಿ ಬರೆದದ್ದನ್ನ ಯಜಮಾನರಿಗೆ ಓದಿ ಹೇಳಿದೆ. ಇನಿಷಿಯಲ್ ಬಿಡಿಸಿ ಬರೆಯೋದು ಬೇಡ ಅಂತ ಅವರೇ ಅಂದರು. ಮಗಳಿಗೆ ಹೆಸರು, ಒಂದಕ್ಷರ, ಒಂದು ಹೂವಿನ ಹೆಸರು, ಇದು ಕಾಲೇಜು ಮತ್ತು ಕೆಲಸಕ್ಕೆ. ಆ್ಯಪ್, ಅಂಗಡಿಗೆ ಬದಲಿ ವಿಳಾಸ ಅವಳೇ ಮಾಡಿಕೊಳ್ತಾಳಂತೆ. ಹೋಂಸ್ಟೇಗೆ ಸದ್ಯ ಬೇರೆ ಜಿಮೇಲ್, ಮಳೆಗಾಲ ಮುಗಿದ ಮೇಲೆ ಡೊಮೈನ್ ವಿಚಾರ.

ಒಂದೇ ಪ್ರಶ್ನೆ ಉಳಿದಿದೆ. ಮನೆಯವರದೆಲ್ಲ ಸೇರಿದ್ದ ಹಳೇ ವಿಳಾಸದಲ್ಲಿ ಯಜಮಾನರ ಹೆಸರು, ಊರು, ಹುಟ್ಟಿದ ವರ್ಷ ಮೂರೂ ಇದೆ. ಅದನ್ನ ಇವತ್ತೇ ಡಿಲೀಟ್ ಮಾಡಿಬಿಡಲಾ?

ಹಾಸನ ನೆಟ್‌ವರ್ಕ್ ಕೆಲಸದವ

ಇವತ್ತೇ ಬೇಡ ಮೇಡಂ. ಬ್ಯಾಂಕ್, ಗ್ಯಾಸ್, ವಿಮೆ, ತೆರಿಗೆ, ಎಲ್ಲದರ ಬೀಗ ಅದರಲ್ಲೇ ಇರುತ್ತೆ. ಮೊದಲು ಅದರ ಪಾಸ್‌ವರ್ಡ್ ಬದಲಾಯಿಸಿ ಎರಡು ಹಂತದ ಪರಿಶೀಲನೆ ಹಾಕಿ, ಮಕ್ಕಳ ಫೋನ್, ಹಳೇ ಟ್ಯಾಬ್‌ಗಳಿಂದ ಲಾಗೌಟ್ ಮಾಡಿ. ಹ್ಯಾವ್ ಐ ಬೀನ್ ಪೋನ್ಡ್ ಅನ್ನೋ ತಾಣದಲ್ಲಿ ಆ ವಿಳಾಸ ಹಾಕಿದರೆ, ಈಗಾಗಲೇ ಬಯಲಾದ ಯಾವ ಸೋರಿಕೆಗಳಲ್ಲಿ ಅದು ಸಿಕ್ಕಿದೆ ಅಂತ ತೋರಿಸುತ್ತೆ. ಅಲ್ಲಿ ಕಂಡ ಸೈಟ್‌ಗಳ ಪಾಸ್‌ವರ್ಡ್ ಬದಲಾಯಿಸಿ.

ಆಮೇಲೆ ಒಂದೊಂದಾಗಿ ಹೊಸದಕ್ಕೆ ಸಾಗಿಸಿ, ಬ್ಯಾಂಕ್ ಮೊದಲು. ಹಳೇದಕ್ಕೆ ಬಂದದ್ದು ತಾನಾಗೇ ಹೊಸದಕ್ಕೆ ಹೋಗೋ ಹಾಗೆ ಫಾರ್ವರ್ಡಿಂಗ್ ಹಾಕಿಟ್ಟರೆ ಯಾವುದು ಬಿಟ್ಟುಹೋಗಿದೆ ಅಂತ ಬರೋ ಮೇಲ್ ನೋಡೇ ತಿಳಿಯುತ್ತೆ. ಎಲ್ಲಾ ಸಾಗಿದ ಮೇಲೂ ಇಟ್ಟುಕೊಂಡಿರಿ, ಆಗಾಗ ಒಳಗೆ ಹೋಗಿ ಬನ್ನಿ. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನ ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸ್ತಿದೆ. ಜಿಮೇಲ್‌ನಲ್ಲಿ ಅಳಿಸಿದ ಹೆಸರು ಇನ್ನೊಬ್ಬರಿಗೆ ಸಿಗಲ್ಲ. ಯಾಹೂ ಮಾತ್ರ 2013ರಲ್ಲಿ ಬಳಸದೆ ಬಿಟ್ಟ ಐಡಿಗಳನ್ನ ಬೇರೆಯವರಿಗೆ ಕೊಟ್ಟಿತ್ತು, ಹಳಬರ ಮೇಲ್ ಹೊಸಬರಿಗೆ ಹೋದ ದೂರುಗಳೂ ಬಂದಿದ್ದವು. ಮನೆಯಲ್ಲಿ ಯಾರದಾದರೂ ಹಳೇ ಯಾಹೂ ವಿಳಾಸ ಬ್ಯಾಂಕಿನಲ್ಲೋ ಎಲ್‌ಐಸಿಯಲ್ಲೋ ಉಳಿದಿದ್ದರೆ ಅದನ್ನ ಮೊದಲು ಬದಲಾಯಿಸಿ.